ರೇಡಿಯೊದೊಳಗೆ ಹೂ ಕಟ್ಟುವ ಗಂಟು

ನಾನು ಒಂದು ಹೆಸರು ಹೇಳಬೇಕಾಗಿತ್ತು. ಹೇಳಲಿಲ್ಲ. "ಈ ಕೆಲಸ ಯಾರದು?" ಎಂದು ಕೇಳಿದವರಿಗೆ "ನನ್ನ ಅಕ್ಕನದು" ಎನ್ನುವ ಬದಲು "ನನ್ನದೇ" ಎಂದೆ. ಎಂದಮೇಲೆ ಎಷ್ಟೋ ತಿಂಗಳು ಅದರ ಮೇಲೆಯೇ ಕೂತಿದ್ದೆ. ಈಗ ಹೇಳಿಬಿಟ್ಟಿದ್ದೇನೆ. ಮೈ ಹಗುರವಾಗಿದೆ, ಊಟ ಸೇರುತ್ತಿದೆ. ಅದಕ್ಕೇ ಬರೆಯಲು ಕೂತೆ.

ಶನಿವಾರ ಶನಿವಾರ ಟೊರೆನ್ಸ್ ಎಂಬ ಊರಿನ ಒಂದು ಗ್ಯಾರೇಜಿಗೆ ಹಳೆ ರೇಡಿಯೊ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗಾಗಿ ಇದು. ಅವರಲ್ಲಿ ಧಾರವಾಡದ ಅಕ್ಷತಾ ಎಂಬ ಹುಡುಗಿ ಇದ್ದಾಳೆ. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ ರೂಮು ಮಾಡಿಕೊಂಡು ಓದುತ್ತಾಳೆ. "ಅಂಕಲ್, ನೀವು ಬಾಯಿಲೆ ಹೇಳಿದ್ದು ನಮಗ ಮರತು ಹೋಗ್ತದ. ಬರದು ಕೊಡ್ರಿ, ನಾ ಟೈಪ್ ಮಾಡ್ತೀನಿ" ಎಂದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ಅವಳು ತಿದ್ದಲಿ.

ನನ್ನ ಹೆಂಡತಿ ನರ್ಸು. ಅವಳ ಕೆಲಸದ ಹಿಂದೆ ನಾನು ಈ ದೇಶಕ್ಕೆ ಬಂದೆ. ಟೊರೆನ್ಸ್‌ನ ಒಂದು ಅಂಗಡಿಯಲ್ಲಿ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದೆ. ಎರಡು ಸಾವಿರದ ಇಪ್ಪತ್ತರಲ್ಲಿ ಊರೆಲ್ಲ ಬಾಗಿಲು ಹಾಕಿದಾಗ ಅಂಗಡಿಯವರೂ ಹಾಕಿದರು, ಮತ್ತೆ ತೆಗೆಯಲಿಲ್ಲ. ಆಗ ನನ್ನನ್ನು ಕೆಲಸಕ್ಕೆ ಕರೆದವರು ವಾಲ್ಟರ್. ವಿಮಾನದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ಎಂಬತ್ತರ ಹತ್ತಿರದ ಮನುಷ್ಯ. ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲಲು ಜಾಗವಿರಲಿಲ್ಲ. ನೆಲದಿಂದ ಸೂರಿನವರೆಗೆ ಕ್ರೆನ್‌ಫೆಲ್ಡ್ ರೇಡಿಯೊಗಳು.

ಕ್ರೆನ್‌ಫೆಲ್ಡ್ ಎಂದರೆ ಈಗ ಯಾರಿಗೂ ಗೊತ್ತಿಲ್ಲ. ಜರ್ಮನಿಯ ಕಂಪನಿ. ಆನೆದಂತದ ಬಣ್ಣದ ಗುಂಡಿಗಳು, ಸ್ಟೇಷನ್ ಸರಿಯಾಗಿ ಕೂತರೆ ಕಿರಿದಾಗುವ ಹಸಿರು ಕಣ್ಣು, ಬಟ್ಟೆಯ ಹಿಂದಿನಿಂದ ಬರುವ ದಪ್ಪ ದನಿ. ನಾನು ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಆ ರೇಡಿಯೊ ಇದ್ದ ಮನೆಗೆ ಒಂದು ಗತ್ತಿತ್ತು. ಆಮೇಲೆ ಕಂಪನಿ ಮುಳುಗಿತು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಂಗಡಿ ಸಾಲು ಇದೆಯಂತೆ. ನಕ್ಷೆ, ಸರ್ವಿಸ್ ಪುಸ್ತಕ ಎಲ್ಲ ರದ್ದಿಗೆ ಹೋದವು.

ವಾಲ್ಟರ್ ಅವರ ತಾಯಿ ಆ ಕಾರ್ಖಾನೆಯಲ್ಲಿ ಡಯಲ್ಲಿನ ಗಾಜಿಗೆ ಊರುಗಳ ಹೆಸರು ಅಚ್ಚು ಹಾಕುತ್ತಿದ್ದರು. "ಗಾಜಿನ ಮೇಲೆ ಪ್ರಪಂಚದ ಊರೆಲ್ಲ ಇದೆ, ಅಮ್ಮನ ಹೆಸರು ಮಾತ್ರ ಎಲ್ಲೂ ಇಲ್ಲ" ಎಂದು ವಾಲ್ಟರ್ ಹೇಳುತ್ತಿದ್ದರು. ಅವರಿಗೆ ಇದ್ದ ಆಸೆ ಎರಡು. ಒಂದು, ಆ ರೇಡಿಯೊಗಳನ್ನು ಹೇಗೆ ಬದುಕಿಸಬೇಕೆಂದು ಹೇಳುವ ಪುಸ್ತಕ. ಇನ್ನೊಂದು, ಅವುಗಳ ಮೇಲೆ ಕೈಯಾಡಿಸಿದವರ ಹೆಸರು ಸಿಕ್ಕಷ್ಟೂ ಅದರಲ್ಲಿ ಬರಬೇಕು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಕೆಲಸದ ಮೊದಲ ವಾರವೇ ಎಡವಿದೆ. ನಮ್ಮ ಕಾಲದ ರಿಪೇರಿ ಎಂದರೆ ಕೆಟ್ಟದ್ದನ್ನು ಕಿತ್ತು ಬಿಸಾಕು, ಹೊಸದನ್ನು ಹಾಕು. ನಾನು ಒಂದೇ ದಿನ ಮೂರು ರೇಡಿಯೊದ, ಕರೆಂಟು ಹಿಡಿದಿಡುವ ಹಳೆ ಕಂಡೆನ್ಸರ್‌ಗಳನ್ನೆಲ್ಲ ಕಿತ್ತು ಕಸದ ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಶಹಬ್ಬಾಸ್‌ಗಿರಿಗೆ ಕಾಯುತ್ತಾ ನಿಂತೆ. ವಾಲ್ಟರ್ ನೇರ ಹೊರಗೆ ಹೋದರು. ಸ್ವಲ್ಪ ಹೊತ್ತಾದರೂ ಬರಲಿಲ್ಲವೆಂದು ಇಣುಕಿದರೆ, ಡಬ್ಬಿಯೊಳಗೆ ಸೊಂಟದವರೆಗೆ ಬಗ್ಗಿದ್ದಾರೆ. ಒಂದೊಂದನ್ನೇ ಹೆಕ್ಕಿ ಅಂಗಿಯ ಜೇಬಿಗೆ ತುಂಬಿಕೊಳ್ಳುತ್ತಿದ್ದಾರೆ.

"ಶ್ರೀ, ಇವನ್ನು ಮಾಡುವ ಕಾರ್ಖಾನೆ ಇನ್ನು ಈ ಭೂಮಿಯ ಮೇಲಿಲ್ಲ" ಎಂದರು. ನನ್ನ ಹೆಸರು ಶ್ರೀಕಂಠ. ಅವರ ನಾಲಿಗೆಗೆ ಅರ್ಧವೇ ದಕ್ಕಿತ್ತು.

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಹಳೆ ಕಂಡೆನ್ಸರಿನ ಹೊಟ್ಟೆ ಟೊಳ್ಳು ಮಾಡಿ, ಹೊಸದನ್ನು ಅದರೊಳಗೆ ಕೂರಿಸಿ, ಮೇಣದಿಂದ ಬಾಯಿ ಮುಚ್ಚುವುದು. ಹೊರಗಿನಿಂದ ನೋಡಿದರೆ ಏನೂ ಮುಟ್ಟಿಲ್ಲವೆನ್ನಬೇಕು. ಯಾವುದನ್ನು ಮುಟ್ಟಿದೆವು, ಯಾರು ಮುಟ್ಟಿದರು ಎಂದು ಚೀಟಿ ಬರೆದು ಪೆಟ್ಟಿಗೆಯೊಳಗೆ ಅಂಟಿಸುವುದು. ಒಂದು ರೇಡಿಯೊಗೆ ಮೊದಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದವನು ಹತ್ತು ದಿನ ತೆಗೆದುಕೊಂಡೆ. ಮೊದಮೊದಲು ಕಿರಿಕಿರಿ. ಆಮೇಲೆ, ನಿಜ ಹೇಳುತ್ತೇನೆ, ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ನನ್ನ ಕೆಲಸ ಚೆಂದ ಕಂಡಿತು.

ನಾನು ಅವರಿಗೆ ಕಲಿಸಿದ್ದೂ ಇದೆ. ವರ್ಷಗಟ್ಟಲೆ ಮಲಗಿದ್ದ ರೇಡಿಯೊಗೆ ನೇರ ಕರೆಂಟು ಕೊಡಬಾರದು. ನಮ್ಮಲ್ಲಿ ಸೀರೀಸ್ ಬಲ್ಬು ಎನ್ನುತ್ತೇವೆ: ಕರೆಂಟಿನ ದಾರಿಯಲ್ಲಿ, ಒಳಗೆ ತಂತಿ ಕಾದು ಉರಿಯುವ ಹಳೇ ಬಲ್ಬೊಂದನ್ನು ಕೂರಿಸಿ ಅದರ ಮೂಲಕ ಕರೆಂಟು ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೊ ಉಳಿಯುತ್ತದೆ. ವಾಲ್ಟರ್ ಹತ್ತಿರ ಇದೇ ಕೆಲಸಕ್ಕೆ ದೊಡ್ಡ ಯಂತ್ರವಿತ್ತು. ಒಂದು ತಿಂಗಳಲ್ಲಿ ಅದರ ಮೇಲೆ ಕಾಫಿ ಲೋಟ ಇಡಲು ಶುರುಮಾಡಿದರು.

ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಅಕ್ಕನ ಮಗಳು ಫೋನ್ ಮಾಡಿದಳು. ನನ್ನ ಅಕ್ಕ ಗಿರಿಜ, ನನಗಿಂತ ನಾಲ್ಕು ವರ್ಷ ದೊಡ್ಡವಳು, ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮಗಳ ಮನೆಯಲ್ಲಿ ಇರುತ್ತಾಳೆ. ಅವರ ಪಕ್ಕದ ಬೀದಿಯ ಬೆಂಗಳೂರಿನವರೊಬ್ಬರು ತಾತನ ಕಾಲದ ರೇಡಿಯೊವನ್ನು ಸಾಮಾನಿನ ಜೊತೆ ಹಡಗಿನಲ್ಲಿ ತರಿಸಿದ್ದರಂತೆ. "ಮಾವ, ಅದೇನೋ ಜರ್ಮನ್ ಹೆಸರು. ನಿಮ್ಮ ಹತ್ರ ಕಳಿಸ್ಲಾ?"

ಕ್ರೆನ್‌ಫೆಲ್ಡ್ ಬಂತು. ಹಿಂದಿನ ರಟ್ಟು ಬಿಚ್ಚಿದೆ. ವಾಲ್ಟರ್ ಪಕ್ಕದಲ್ಲೇ ಟಾರ್ಚು ಹಿಡಿದಿದ್ದರು. ಸ್ಪೀಕರಿಗೆ ದನಿ ಕೊಡುವ ಟ್ರಾನ್ಸ್‌ಫಾರ್ಮರು ಕಂಪನಿಯದಲ್ಲ. ಯಾರೋ ಕೈಯಲ್ಲಿ ತಂತಿ ಸುತ್ತಿ ಮಾಡಿದ್ದು. ತಂತಿಯ ತುದಿಯನ್ನು ಮೇಣದ ದಾರದಿಂದ ಕಟ್ಟಿತ್ತು, ಮಲ್ಲಿಗೆ ಹೂ ಕಟ್ಟುವ ಗಂಟಿನಲ್ಲಿ. ಕುಣಿಕೆ ಮೇಲೆ ಕುಣಿಕೆ, ಒಂದರ ಪಕ್ಕ ಒಂದು, ದಂಡೆಯ ಹಾಗೆ. ರಿಪೇರಿಯವರು ಯಾರೂ ಹಾಗೆ ಕಟ್ಟುವುದಿಲ್ಲ, ಟೇಪು ಸುತ್ತಿ ಬಿಡುತ್ತಾರೆ. ಹಾಗೆ ಕಟ್ಟುತ್ತಿದ್ದವಳು ನಾನು ಕಂಡಂತೆ ಒಬ್ಬಳೇ.

ಇಲ್ಲಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ಹದಿನಾರನೇ ವಯಸ್ಸಿಗೆ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಒಂದು ರೇಡಿಯೊ ಅಂಗಡಿಗೆ ಸೇರಿದೆ. ಪರದೇಶದ ಸಾಮಾನು ಸಿಗದ ಕಾಲ. ಟ್ರಾನ್ಸ್‌ಫಾರ್ಮರು ಸುಟ್ಟರೆ ಹೊಸದಾಗಿ ಸುತ್ತಬೇಕು. ಕೂದಲಿಗಿಂತ ತೆಳು ತಂತಿ, ನನ್ನ ಕೈಗೆ ಸಿಕ್ಕರೆ ತುಂಡು. ಅಂಗಡಿಯ ಸಾಹುಕಾರರಿಗೆ ಹೆದರಿ ಕೆಲಸವನ್ನು ಮನೆಗೆ ತಂದೆ. ಅಕ್ಕ ನೋಡಿ, "ಕೊಡೋ ಇಲ್ಲಿ, ಎಮ್ಮೆ ಕಟ್ಟೋ ಹಾಗೆ ಎಳೀತೀಯಲ್ಲ" ಎಂದು ಕಿತ್ತುಕೊಂಡಳು. ಅವಳು ಸುತ್ತಿದ್ದು ತುಂಡಾಗಲಿಲ್ಲ. ಆಮೇಲೆ ಅಂಗಡಿಯ ಸುತ್ತುವ ಕೆಲಸವೆಲ್ಲ ನಮ್ಮ ಮನೆಯ ನಡುಮನೆಯಲ್ಲೇ ಆಯಿತು.

ಎಣಿಸುವ ಯಂತ್ರ ಇರಲಿಲ್ಲ. ಅಕ್ಕ ಅಳಗುಳಿ ಮಣೆ ಇಟ್ಟುಕೊಂಡಳು. ಹತ್ತು ಸುತ್ತಿಗೆ ಒಂದು ಹುಣಸೆಬೀಜ ಗುಳಿಗೆ. ಗುಳಿ ತುಂಬಿದರೆ ಮುಂದಿನ ಗುಳಿ. ಹದಿನಾಲ್ಕು ಗುಳಿಯೂ ತುಂಬಿದರೆ ಒಂದು ಮಣೆ. ಮಣೆ ಖಾಲಿ ಮಾಡಿ ಕೊಡುವುದು ನನ್ನ ಕೆಲಸ. "ಮೂರಾಯ್ತಕ್ಕ" ಎಂದು ಕೂಗುತ್ತಿದ್ದೆ. ಕ್ರೆನ್‌ಫೆಲ್ಡಿಗೆ ನಾಲ್ಕು ಮಣೆ. ಅದು ಮಾತ್ರ ಮರೆತಿಲ್ಲ.

ಮೊದಲ ಟ್ರಾನ್ಸ್‌ಫಾರ್ಮರನ್ನು ಅಂಗಡಿಗೆ ಕೊಟ್ಟು ಬಂದ ಸಂಜೆ ಅಕ್ಕ ಬಾಗಿಲಲ್ಲೇ ಕಾದಿದ್ದಳು.

"ಏನಂದ್ರೋ ಸಾಹುಕಾರ್ರು?"

"ಚೆನ್ನಾಗಿದೆ ಅಂದ್ರು."

"ಯಾರು ಸುತ್ತಿದ್ದು ಅಂತ ಕೇಳ್ಲಿಲ್ವಾ?"

"ಇಲ್ಲ" ಎಂದೆ. ಅಕ್ಕ ಒಳಗೆ ಹೋದಳು. ಮತ್ತೆ ಯಾವತ್ತೂ ಕೇಳಲಿಲ್ಲ. ನಾಲ್ಕು ವರ್ಷ, ಮದುವೆಯಾಗಿ ಹೋಗುವವರೆಗೂ ಸುತ್ತಿದಳು.

ಆ ಗಂಟು ಟೊರೆನ್ಸ್‌ನ ಗ್ಯಾರೇಜಿನಲ್ಲಿ ನನ್ನ ಕಣ್ಣ ಮುಂದಿತ್ತು. "ಇದು ನಮ್ಮ ಅಂಗಡಿಯದು" ಎಂದು ಬಾಯಿಬಿಟ್ಟೆ. ವಾಲ್ಟರ್ ಟಾರ್ಚನ್ನು ನನ್ನ ಮುಖಕ್ಕೆ ತಿರುಗಿಸಿದರು. "ಶ್ರೀ! ಕಂಪನಿಯ ಕೆಲಸಕ್ಕಿಂತ ಇದು ಅಚ್ಚುಕಟ್ಟು. ಇದನ್ನು ಸುತ್ತಿದ್ದು ಯಾರು?"

"ನಾನೇ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ರೂಢಿಯಾಗಿದ್ದ ಉತ್ತರ. ಆದರೆ ವಾಲ್ಟರ್ ನನ್ನ ಕೈ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರಲ್ಲ, ಆಗಲಾದರೂ ಹೇಳಬಹುದಿತ್ತು. ಅವರು ಅಲ್ಲೇ ಚೀಟಿ ಬರೆದು ಅಂಟಿಸಿದರು. ಸುತ್ತಿದವರು ಶ್ರೀಕಂಠ, ಬೆಂಗಳೂರು. ಪುಸ್ತಕದಲ್ಲೂ ಹಾಗೇ ಬರೆದುಕೊಂಡರು.

ಒಂದು ಸುಳ್ಳಿಗೆ ಹತ್ತು ಮರಿ. ಗ್ಯಾರೇಜಿನಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟ ಕ್ರೆನ್‌ಫೆಲ್ಡ್‌ಗಳು ಬೇಕಾದಷ್ಟಿದ್ದವು. ಎಷ್ಟು ಸುತ್ತು ಎಂದು ಹೇಳುವ ಕಾಗದ ಲೋಕದಲ್ಲಿರಲಿಲ್ಲ. "ಎಷ್ಟು ಸುತ್ತುತ್ತಿದ್ದಿರಿ?" ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಅಳಗುಳಿ ಆಡುವಾಗ ಗುಳಿಗೆ ನಾಲ್ಕು ಬೀಜ. ನಾಲ್ಕು ಬೀಜಕ್ಕೆ ನಲವತ್ತು ಸುತ್ತು, ಮಣೆಗೆ ಐನೂರ ಅರವತ್ತು, ನಾಲ್ಕು ಮಣೆಗೆ ಎರಡು ಸಾವಿರದ ಇನ್ನೂರ ನಲವತ್ತು. ಹೇಳಿದೆ.

ವಾಲ್ಟರ್ ಅಕ್ಕನ ಟ್ರಾನ್ಸ್‌ಫಾರ್ಮರಿಗೆ ಮೀಟರು ಹಚ್ಚಿ ತಲೆ ಕೆರೆದುಕೊಂಡರು. "ನನ್ನ ಲೆಕ್ಕ ಇದಕ್ಕಿಂತ ಜಾಸ್ತಿ ತೋರಿಸ್ತಿದೆ. ಇರಲಿ. ಮೀಟರಿಗಿಂತ ಸುತ್ತಿದ ಕೈಯನ್ನು ನಂಬುತ್ತೇನೆ."

ನಾನು ಏನೋ ನೆಪ ಹೇಳಿ ಜಾರಿಕೊಂಡೆ, ಅವರೇ ಕೂತು ಒಂದು ಸುತ್ತಿದರು. ಹಾಕಿದರೆ ದನಿ ತೆಳ್ಳಗೆ, ಡಬ್ಬಿಯೊಳಗೆ ಯಾರೋ ಮಾತಾಡಿದಂತೆ. ಕ್ರೆನ್‌ಫೆಲ್ಡಿನ ಆ ತಗ್ಗಿನ ಸ್ವರವೇ ಇಲ್ಲ. ಸುತ್ತಿನ ನಡುವಿನ ಕಬ್ಬಿಣ ಸರಿಯಿಲ್ಲವೇನೋ ಎಂದು ಬೇರೆ ಹಾಕಿ ಇನ್ನೊಂದು ಸುತ್ತಿದರು. ಅದೂ ಅಷ್ಟೇ. ತಂತಿ ಬದಲಿಸಿ ಮೂರನೆಯದು. ಅದನ್ನೂ ಕೇಳಿದರು. ಕಿವಿಯಿಂದ ಶ್ರವಣ ಯಂತ್ರ ತೆಗೆದು ಅಂಗೈಯಲ್ಲಿಟ್ಟುಕೊಂಡು ಹೇಳಿದರು: "ಟ್ರಾನ್ಸ್‌ಫಾರ್ಮರ್ ಸರಿಯಾಗೇ ಇದೆ ಅನ್ಸತ್ತೆ ಶ್ರೀ. ಹೋಗಿರೋದು ನನ್ನ ಕಿವಿ. ಇನ್ನು ಈ ಕೆಲಸ ನಿಲ್ಲಿಸೋ ಕಾಲ ಬಂತು."

ನನಗೂ ಕೇಳಿಸುತ್ತಿತ್ತು, ದನಿ ತೆಳ್ಳಗಿದೆ ಎಂದು. ನಾನು ಮೇಜು ಒರೆಸುತ್ತಾ ನಿಂತಿದ್ದೆ.

ಮರುದಿನ ಬೆಳಿಗ್ಗೆ ಕಾರು ಹತ್ತಿ ಸ್ಯಾನ್ ಡಿಯಾಗೋಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಅಭ್ಯಾಸ ಮಾಡಿದೆ. ಪೆನಾಸ್ಕಿಟೋಸ್‌ನಲ್ಲಿ ಅಕ್ಕ ಹಿತ್ತಲಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದಳು.

"ಏನೋ ಕಂಠಿ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ದಾರಿ ತಪ್ಪಿ ಬಂದ್ಯಾ?"

ಉಪ್ಪಿಟ್ಟು ತಿಂದೆ. ಅದೂ ಇದೂ ಮಾತಾಡಿದೆ. ಮೆಲ್ಲಗೆ ಕೇಳಿದೆ. "ಅಕ್ಕ, ಆಗ ಮಣೆ ಇಟ್ಕೊಂಡು ಎಣಿಸ್ತಿದ್ಯಲ್ಲ, ಗುಳಿಗೆ ಎಷ್ಟು ಬೀಜ? ನಾಲ್ಕಲ್ವಾ?"

"ನಾಲ್ಕು ಆಟಕ್ಕೆ ಕಣೋ. ಕೆಲಸಕ್ಕೆ ಐದು. ಐದಾದ್ರೆ ಐವತ್ತು, ಎರಡು ಗುಳಿಗೆ ನೂರು. ಲೆಕ್ಕ ಸಲೀಸು. ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಬೇಕಾಯ್ತು?"

"ಸುಮ್ಮನೆ, ನೆನಪಾಯ್ತು."

ನನ್ನನ್ನೇ ಒಂದು ಗಳಿಗೆ ನೋಡಿದಳು. "ಆ ಪಕ್ಕದ ಬೀದಿಯೋರ ರೇಡಿಯೊ ಏನಾಯ್ತು?" ಎಂದಳು. ಆಗ್ತಾ ಇದೆ ಎಂದೆ. ಡಬ್ಬಿಗೆ ಚಟ್ನಿಪುಡಿ ಹಾಕಿ ಕೊಟ್ಟಳು. ಹೇಳಬೇಕಾದ್ದು ಹೇಳದೆ ವಾಪಸು ಬಂದೆ.

ವಾಲ್ಟರಿಗೆ, "ತಪ್ಪು ಹೇಳಿದ್ದೆ. ಎರಡು ಸಾವಿರದ ಎಂಟುನೂರು" ಎಂದೆ. ನಾಲ್ಕನೆಯದನ್ನು ಸುತ್ತಿ ಹಾಕಿದರು. ಸ್ಪೀಕರಿನ ಬಟ್ಟೆ ನಡುಗಿತು. ಗ್ಯಾರೇಜಿನ ನೆಲದಿಂದಲೇ ಎದ್ದಂತೆ ಬಂತು ಆ ದನಿ. ವಾಲ್ಟರ್ ನನ್ನನ್ನು ತಬ್ಬಿಕೊಂಡು, "ಕಿವಿ ಸರಿ ಇದೆ! ಕಿವಿ ಸರಿ ಇದೆ!" ಎಂದು ಮಗುವಿನ ಹಾಗೆ ಕೂಗಿದರು. ಅವರಿಗೆ ಹೋದ ಜೀವ ಬಂದಿತ್ತು. ನನಗೂ ಅರ್ಧ ಬಂತು.

ಇನ್ನರ್ಧಕ್ಕೆ ಬಂದವಳು ಅಕ್ಷತಾ. ಪುಸ್ತಕದ ಜೊತೆಗೆ ಸಣ್ಣ ಸಣ್ಣ ವಿಡಿಯೊ ಮಾಡಬೇಕೆಂದು ಅವಳೂ ವಾಲ್ಟರೂ ನಿಶ್ಚಯಿಸಿದ್ದರು. ಒಂದು ವಿಡಿಯೊ, ಆ ಗಂಟು ಹಾಕುವ ಬಗೆ. ನನ್ನ ಕೈಯಲ್ಲಿ.

ನನಗೆ ಹೂ ಕಟ್ಟಲು ಬರುವುದಿಲ್ಲ. ಒಂದು ವಾರ ಸಮಯ ಕೇಳಿ, ಮನೆಯಲ್ಲಿ ದಾರ ಹಿಡಿದು ಕೂತೆ. ನನ್ನ ಹೆಂಡತಿ ನೋಡಿ, "ಏನ್ರೀ, ಈ ವಯಸ್ಸಲ್ಲಿ ಹೂ ಕಟ್ತಾ ಇದ್ದೀರಿ, ಯಾರಿಗೆ?" ಎಂದು ನಕ್ಕಳು. ಅವಳು ತೋರಿಸಿಕೊಟ್ಟದ್ದೂ ನನ್ನ ಬೆರಳಿಗೆ ಹತ್ತಲಿಲ್ಲ. ಶನಿವಾರ ಬಂತು. ಅಕ್ಷತಾ ಕ್ಯಾಮೆರಾ ಇಟ್ಟಳು. ಮೊದಲ ಗಂಟು ಜಾರಿತು. ಎರಡನೆಯದು ಸಿಕ್ಕಾಯಿತು. ಮೂರನೆಯದಕ್ಕೆ ಬೆರಳೇ ಒಳಗೆ ಸಿಕ್ಕಿಕೊಂಡಿತು.

"ಕೈ ನಡುಗ್ತಿದೆ, ವಯಸ್ಸಾಯ್ತು" ಎಂದೆ.

"ಅಂಕಲ್, ಹೋದ ಶನಿವಾರ ಸೂಜಿಯಂಥ ತಂತಿ ಬೆಸಗಿ ಹಾಕಿದ್ರಲ್ರಿ, ಅವಾಗ ನಡಗಲಿಲ್ಲ" ಎಂದಳು ಅವಳು, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ. "ನಮ್ಮವ್ವನೂ ಹಿಂಗ ಹೂ ಕಟ್ತಾಳ. ಗಂಡಸರು ಕಟ್ಟಿದ್ದು ನಾ ನೋಡೇ ಇಲ್ಲ. ನಿಮಗ ಯಾರು ಕಲಿಸಿದ್ರು?"

ಸಾಕಾಯಿತು. ದಾರ ಕೆಳಗಿಟ್ಟೆ. "ನನಗೆ ಯಾರೂ ಕಲಿಸ್ಲಿಲ್ಲಮ್ಮ. ಇದು ನನ್ನ ಅಕ್ಕನ ಗಂಟು. ಸುತ್ತಿದ್ದೂ ಅವಳೇ" ಎಂದೆ. ಅದನ್ನೇ ನನ್ನ ಮುರುಕು ಇಂಗ್ಲಿಷಿನಲ್ಲಿ ವಾಲ್ಟರಿಗೂ ಹೇಳಿದೆ. ನಾಲ್ಕು ಬೀಜದ ಕತೆ, ಅವರ ಕಿವಿಯ ಕತೆ, ಎಲ್ಲ. ಕ್ಷಮಿಸಿ ಎಂದೆ.

ನಾನು ಕೆಲಸ ಹೋಯಿತೆಂದುಕೊಂಡೆ. ವಾಲ್ಟರ್ ಎದ್ದು ರೇಡಿಯೊದೊಳಗಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. "ಮೂರು ಟ್ರಾನ್ಸ್‌ಫಾರ್ಮರ್, ಒಂದು ಜೊತೆ ಕಿವಿ. ನನಗಾದ ನಷ್ಟ ಇಷ್ಟೇ, ಮರೀತೀನಿ" ಎಂದರು. "ಹೆಸರು ಹೋದದ್ದು ನನ್ನದಲ್ಲ. ಆಕೆ ಬದುಕಿದ್ದಾರಾ?"

"ಪೆನಾಸ್ಕಿಟೋಸ್‌ನಲ್ಲಿದ್ದಾಳೆ."

"ಎರಡು ಗಂಟೆ ದಾರಿ!" ಎಂದು ಕೂಗಿದರು. ಅಲ್ಲಿಯವರೆಗೆ ಕೋಪ ಬರದವರಿಗೆ ಆಗ ಬಂತು.

ಅಕ್ಷತಾ ಹೇಳಿದಳು, "ನಮಗ ಹೇಳಿದ್ರ ಏನ್ ಬಂತ್ರಿ ಅಂಕಲ್? ಅವರಿಗೆ ಹೇಳ್ರಿ."

ಈಗಿನದನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಸಿದ್ಧವಾಗಿದೆ. ಅದರಲ್ಲಿ ಅಳಗುಳಿ ಮಣೆಯ ಚಿತ್ರವಿದೆ, ಗುಳಿಗೆ ಐದು ಬೀಜ. ಕೆಳಗೆ ಅಕ್ಕನ ಹೆಸರಿದೆ, ಮುಂದಿನ ಪುಟದಲ್ಲಿ ವಾಲ್ಟರ್ ಅವರ ತಾಯಿಯ ಹೆಸರಿದೆ. ಗಂಟಿನ ವಿಡಿಯೊದಲ್ಲಿ ಕಾಣುವುದು ಅಕ್ಕನ ಬೆರಳು. ಪುಸ್ತಕ ಮುಗಿದ ಮೇಲೆ ನಾನು ಕೆಲಸ ಬಿಟ್ಟೆ. ಶನಿವಾರ ಮಾತ್ರ ನಿಮಗಾಗಿ ಬರುತ್ತೇನೆ. ನಿಮಗೆ ಹೇಳುವುದಿಷ್ಟೇ: ಸೀರೀಸ್ ಬಲ್ಬಿಲ್ಲದೆ ಕರೆಂಟು ಕೊಡಬೇಡಿ, ಹಳೆಯದನ್ನು ಎಸೆಯಬೇಡಿ, ಚೀಟಿಯಲ್ಲಿ ಸರಿಯಾದ ಹೆಸರು ಬರೆಯಿರಿ.

ಗಂಟಿನ ಗುಟ್ಟು ಒಡೆದ ಮರುದಿನ, ಭಾನುವಾರ, ಮೂವರೂ ಪೆನಾಸ್ಕಿಟೋಸ್‌ಗೆ ಹೋದೆವು. ರೇಡಿಯೊ ನನ್ನ ತೊಡೆಯ ಮೇಲಿತ್ತು. ಅಕ್ಕನ ಮಗಳ ಮನೆಯ ಊಟದ ಮೇಜಿನ ಮೇಲೆ ಅದನ್ನಿಟ್ಟು ರಟ್ಟು ಬಿಚ್ಚಿದೆ. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬೆರಳು ತಾನಾಗಿ ಒಳಗೆ ಹೋಗಿ ಗಂಟನ್ನು ಸವರಿತು.

"ಅಯ್ಯೋ, ನನ್ನ ದಾರ!" ಎಂದು ಮೊಮ್ಮಗಳನ್ನು ಕರೆದಳು. "ಇಲ್ನೋಡೇ, ಇದು ನಾನು ಕಟ್ಟಿದ್ದು."

ಮೊಮ್ಮಗಳು, "ನೋ ವೇ, ಅಜ್ಜಿ. ಯೂ ಮೇಡ್ ದಿಸ್?" ಎಂದು ಫೋನ್ ಬಿಟ್ಟು ಹತ್ತಿರ ಬಂದಳು. ವಾಲ್ಟರ್ ಎದ್ದು ನಿಂತು ಅಕ್ಕನಿಗೆ ಎರಡೂ ಕೈ ಮುಗಿದರು. ಯಾರು ಹೇಳಿಕೊಟ್ಟಿದ್ದರೋ. ಅಕ್ಕ ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಇವರು ಯಾಕೋ ನನಗೆ ಕೈ ಮುಗೀತಾರೆ? ನೀನೇನು ಹೇಳಿದ್ದೀಯ ಇವರಿಗೆ?"

ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೊಂದೂ ಬರಲಿಲ್ಲ. ಬೇರೆಯೇ ಬಂತು.

"ಅಕ್ಕ, ಅವತ್ತು ಬಾಗಿಲಲ್ಲಿ ನಿಂತು ಕೇಳಿದ್ಯಲ್ಲ, ಯಾರು ಸುತ್ತಿದ್ದು ಅಂತ ಸಾಹುಕಾರ್ರು ಕೇಳ್ಲಿಲ್ವಾ ಅಂತ. ಕೇಳಿದ್ರು ಅಕ್ಕ. ನಾನೇ ಅಂದೆ. ಇಲ್ಲಿ ಇವರು ಕೇಳಿದಾಗ್ಲೂ ನಾನೇ ಅಂದೆ. ತಪ್ಪಾಯ್ತು. ಕ್ಷಮಿಸಕ್ಕ."